ಚಕ್ಕೆ ಹೂರಣಕ್ಕಿರಲಿ, ಕಣಕಕ್ಕೆ ಬೇಡ

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಮನೆಯಲ್ಲಿ 28 ಲೀಟರಿನ ಓಟಿಜಿ (ಮೇಜಿನ ಮೇಲಿಡುವ ಕರೆಂಟಿನ ಓವನ್) ಇದೆ. ಮಕ್ಕಳಿಬ್ಬರಿಗೂ ದಾಲ್ಚಿನ್ನಿಯ ಘಮ ಎಂದರೆ ಪ್ರಾಣ, ಹಾಗಾಗಿ ತಿಂಗಳಿಗೆ ಎರಡು ಸಲ ಸಿನಮನ್ ರೋಲ್ (ಚಕ್ಕೆ, ಸಕ್ಕರೆಯ ಹೂರಣ ಸುತ್ತಿದ ಬನ್) ಮಾಡುತ್ತೇನೆ. ಅತ್ತೆಯವರು ಮೊಟ್ಟೆ ತಿನ್ನುವುದಿಲ್ಲ. ಮೊದಮೊದಲು ರೋಲ್ ಚೆನ್ನಾಗಿ ಉಬ್ಬುತ್ತಿತ್ತು. ಘಮ ಸಾಲದೆಂದು ಕಣಕಕ್ಕೇ 2 ದೊಡ್ಡ ಚಮಚ ಚಕ್ಕೆ ಪುಡಿ ಸೇರಿಸತೊಡಗಿದೆ; ಅಲ್ಲಿಂದೀಚೆಗೆ ಇಟ್ಟಿಗೆಯಂತಾಗುತ್ತಿದೆ. ಮಳೆಗಾಲದಲ್ಲಂತೂ ಒಳಗಿನ ಸಕ್ಕರೆಯೆಲ್ಲ ಹೊರಗೆ ಹರಿದು ತಳದಲ್ಲಿ ಕರಕಲಾಗುತ್ತದೆ, ಕಣಕಕ್ಕೆ ಹುಳಿ ವಾಸನೆ ಬರುತ್ತದೆ. ಅಂಗಡಿಯಲ್ಲಿ ಎರಡು ಮೂರು ಬಗೆಯ ಚಕ್ಕೆ ತೋರಿಸುತ್ತಾರೆ, ಊರಿನಿಂದಲೂ ತೋಟದ ಚಕ್ಕೆ ಬರುತ್ತದೆ. ಯಾವುದನ್ನು ಬಳಸಲಿ? ಚಕ್ಕೆ ಹೆಚ್ಚಾದರೆ ಯಕೃತ್ತಿಗೆ ತೊಂದರೆ ಎನ್ನುವುದು ನಿಜವೇ?

ಉತ್ತರ: ಮೊದಲು ಇಟ್ಟಿಗೆಯ ವಿಷಯ. ನಿಮ್ಮ ಯೀಸ್ಟೂ ಸರಿಯಿದೆ, ಓಟಿಜಿಯೂ ಸರಿಯಿದೆ. ಕಣಕಕ್ಕೆ ಬಿದ್ದ ಆ 2 ದೊಡ್ಡ ಚಮಚ ಚಕ್ಕೆಯೇ ಕಾರಣ. ಯೀಸ್ಟ್ ಒಂದು ಶಿಲೀಂಧ್ರ. ಚಕ್ಕೆಯ ಘಮಕ್ಕೆ ಮೂಲವಾದ ಸಿನಮಾಲ್ಡಿಹೈಡ್ ಎಂಬ ಅಂಶ ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುವಂಥದ್ದು. ಚಕ್ಕೆ ಬೆರೆಸಿದ ಪದಾರ್ಥಕ್ಕೆ ಬೂಷ್ಟು ನಿಧಾನವಾಗಿ ಹಿಡಿಯುವುದೂ ಇದೇ ಕಾರಣಕ್ಕೆ. ಒಂದು ಟೀ ಚಮಚ ಚಕ್ಕೆ ಪುಡಿ ಸುಮಾರು 2.5 ಗ್ರಾಂ ತೂಗುತ್ತದೆ, 2 ದೊಡ್ಡ ಚಮಚ ಎಂದರೆ 15 ಗ್ರಾಂ. 350 ಗ್ರಾಂ ಮೈದಾಕ್ಕೆ ಅದು ಶೇಕಡಾ 4ಕ್ಕಿಂತ ಹೆಚ್ಚು. ಅಷ್ಟು ಚಕ್ಕೆಯ ನಡುವೆ ಯೀಸ್ಟ್ ಕೆಲಸ ಮಾಡುವುದಿಲ್ಲ. ಇದಕ್ಕೆ ಯೀಸ್ಟ್ ಹೆಚ್ಚಿಸುವುದು ಪರಿಹಾರವಲ್ಲ. ಉಬ್ಬು ಅರೆಬರೆಯಾಗಿಯೇ ಉಳಿದು, ಮೇಲಿಂದ ಯೀಸ್ಟಿನ ವಾಸನೆ ಬೇರೆ ಸೇರಿಕೊಳ್ಳುತ್ತದೆ.

ಕಣಕಕ್ಕೆ ಹಾಕಲೇಬೇಕೆಂದರೆ 350 ಗ್ರಾಂ ಮೈದಾಕ್ಕೆ ಅರ್ಧ ಟೀ ಚಮಚ, ಅದಕ್ಕಿಂತ ಹೆಚ್ಚು ಬೇಡ. ನಮ್ಮ ಸಲಹೆ ಅದನ್ನೂ ಬಿಡಿ ಎಂದೇ. ಚಕ್ಕೆಯ ಘಮ ಕೊಬ್ಬಿನಲ್ಲಿ ಕರಗುತ್ತದೆ, ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. 15 ಗ್ರಾಂ ಪುಡಿಯನ್ನು ಇಡೀ ಕಣಕಕ್ಕೆ ಹಂಚಿದಾಗ ಸಿಗದ ಘಮ, 7 ಗ್ರಾಂ ಪುಡಿಯನ್ನು ಬೆಣ್ಣೆಯಲ್ಲಿ ಕಲಸಿ ಪದರದಲ್ಲಿ ಬಳಿದಾಗ ಸಿಗುತ್ತದೆ. ಹೋಳಿಗೆಯಲ್ಲೂ ಅಷ್ಟೇ ತಾನೆ, ಕಣಕ ಸಪ್ಪೆಯಾಗಿದ್ದರೇನೇ ಹೂರಣದ ರುಚಿ ಎದ್ದು ಕಾಣುವುದು. ಕಣಕಕ್ಕೂ ಒಂದು ಪರಿಮಳ ಬೇಕೆನಿಸಿದರೆ ಏಲಕ್ಕಿ ಹಾಕಿ: 1 ಟೀ ಚಮಚ ಕಾಳನ್ನು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ ಸೇರಿಸಿ. ಈ ತಿನಿಸನ್ನು ಮನೆಮಾತಾಗಿಸಿಕೊಂಡ ಸ್ವೀಡನ್ನಿನಲ್ಲಿ ಮಾಡುವುದೂ ಹೀಗೆಯೇ. ಕಣಕಕ್ಕೆ ಏಲಕ್ಕಿ, ಒಳಗೆ ಚಕ್ಕೆ. ಅಲ್ಲಿ 1999ರಿಂದ ಅಕ್ಟೋಬರ್ 4ನ್ನು ಸಿನಮನ್ ಬನ್ ದಿನವೆಂದು ಆಚರಿಸುತ್ತಾರೆ. ನಮ್ಮ ನಾಲಿಗೆಗೂ ಈ ಜೋಡಿ ಬಲು ಬೇಗ ಒಗ್ಗುತ್ತದೆ.

ಯಾವ ಚಕ್ಕೆ?

ಮುಂಬೈಯ ಲಾಲ್‌ಬಾಗಿನ ಮಸಾಲೆ ಗಲ್ಲಿಯಲ್ಲಾಗಲಿ, ಮಸ್ಜಿದ್ ಬಂದರಿನಲ್ಲಾಗಲಿ, ಪುಣೆಯ ರವಿವಾರ ಪೇಟೆಯಲ್ಲಾಗಲಿ, ಗೋವಾದ ಮಾಪುಸಾದ ಶುಕ್ರವಾರದ ಸಂತೆಯಲ್ಲಾಗಲಿ ಬರೀ 'ದಾಲ್ಚಿನಿ' ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಕ್ಯಾಸಿಯಾ, ಅಂದರೆ ದಾಲ್ಚಿನ್ನಿಯ ಹತ್ತಿರದ ಜಾತಿಯ ಮರದ ತೊಗಟೆ. ನಿಜವಾದ ದಾಲ್ಚಿನ್ನಿ ಬೇಕಾದರೆ 'ಸಿಲೋನ್ ದಾಲ್ಚಿನಿ' ಎಂದು ಬಿಡಿಸಿ ಕೇಳಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳಲ್ಲಿ (2011) ಇವೆರಡೂ ಬೇರೆ ಬೇರೆ ಪದಾರ್ಥಗಳು: ನಿಜವಾದ ದಾಲ್ಚಿನ್ನಿಯ ಹೆಸರು ದಾಲ್ಚಿನಿ, ಕ್ಯಾಸಿಯಾದ ಹೆಸರು ತಾಜ್. ಪೊಟ್ಟಣ ಕೊಳ್ಳುವಾಗ ಲೇಬಲ್ಲಿನಲ್ಲಿ ಯಾವ ಹೆಸರಿದೆ ಎಂದು ಓದಿ ನೋಡಿ.

ಬಿಡಿಯಾಗಿ ಕೊಳ್ಳುವುದಾದರೆ ಕಣ್ಣೇ ಸಾಕು. ಒಂದು ತುಂಡನ್ನು ಕೈಗೆತ್ತಿಕೊಂಡು ಅದರ ತುದಿಯನ್ನು ನೇರವಾಗಿ ನೋಡಿ. ಸಿಲೋನ್ ಚಕ್ಕೆಯಾದರೆ ಕಾಗದದಷ್ಟು ತೆಳುವಾದ ಹತ್ತಾರು ಪದರಗಳು ಒಂದರೊಳಗೊಂದು ಸುತ್ತಿಕೊಂಡು ಸುರುಳಿಯ ಒಳಗೆಲ್ಲ ತುಂಬಿರುತ್ತವೆ, ಬಣ್ಣ ತಿಳಿಕಂದು, ಹೆಬ್ಬೆರಳಿನಲ್ಲಿ ಒತ್ತಿದರೆ ಪುಡಿಪುಡಿಯಾಗುತ್ತದೆ, ಮೂಸಿದರೆ ಸಿಹಿ, ಹಿಂದೆಯೇ ಲವಂಗದ ಸುಳಿವು. ಕ್ಯಾಸಿಯಾ ಆದರೆ ಒಂದೇ ಒಂದು ದಪ್ಪ ತೊಗಟೆ, ಎರಡೂ ಅಂಚು ಒಳಕ್ಕೆ ಮಡಚಿ ನಡುವೆ ಟೊಳ್ಳು, ಬಣ್ಣ ಕೆಂಪುಗಂದು, ಬೆರಳಿನಲ್ಲಿ ಮುರಿಯುವುದೇ ಕಷ್ಟ, ನಾಲಿಗೆಗೆ ಖಾರ. ಪುಡಿಯನ್ನೇ ಕೊಂಡಿದ್ದರೆ ಇನ್ನೊಂದು ದಾರಿಯಿದೆ. ಒಂದು ಟೀ ಚಮಚ ಪುಡಿಗೆ ಕಾಲು ಲೋಟ ಬಿಸಿನೀರು ಹಾಕಿ ಹತ್ತು ನಿಮಿಷ ಬಿಡಿ. ಕ್ಯಾಸಿಯಾ ಹೆಚ್ಚಿದ್ದರೆ ನೀರು ಲೋಳೆಯಂತೆ ಗಟ್ಟಿಯಾಗುತ್ತದೆ. ರೋಲಿನ ಹೂರಣದಲ್ಲಿ ಪುಡಿ ಮಿತಿ ಮೀರಿದಾಗ ಪದರಗಳ ನಡುವೆ ಅಂಟಂಟಾಗುವುದು ಇದೇ ಲೋಳೆಯಿಂದ.

ರುಚಿಯ ಲೆಕ್ಕದಲ್ಲಿ ಕ್ಯಾಸಿಯಾವನ್ನು ಕೀಳೆಂದು ತಳ್ಳಿಹಾಕುವಂತಿಲ್ಲ. ಬೇಕರಿಯ ಮುಂದೆ ಹಾದುಹೋಗುವಾಗ ಮೂಗಿಗೆ ಬಡಿಯುವ ಆ ಗಾಢವಾದ ಘಮ ಹೆಚ್ಚಾಗಿ ಕ್ಯಾಸಿಯಾದ್ದೇ. ಸಿಲೋನಿನ ಘಮ ಮೆದು, ಓವನ್ನಿನ ಬಿಸಿಗೆ ಇನ್ನಷ್ಟು ಮೆದುವಾಗುತ್ತದೆ. ಆದರೆ ಬೇಯಿಸದೆ ಮೇಲಿಂದ ಉದುರಿಸುವ ಕಡೆ, ಉದಾಹರಣೆಗೆ ಗೋವಾದ ಮನೆಗಳಲ್ಲಿ ಮಾಡುವ ಅಕ್ಕಿ ಪಾಯಸದಂಥ ಅರೋಸ್ ದೋಸಿಯ ಮೇಲೆ, ಕ್ಯಾಸಿಯಾ ಒರಟೆನಿಸುತ್ತದೆ, ಅಲ್ಲಿ ಸಿಲೋನೇ ಚೆಂದ. ರೋಲಿಗೆ ನಾವು ಹೇಳುವುದು 5 ಗ್ರಾಂ ಸಿಲೋನ್, 2 ಗ್ರಾಂ ಕ್ಯಾಸಿಯಾ. ಗಾಢತೆ ಕ್ಯಾಸಿಯಾದಿಂದ, ಸಿಹಿ ಪರಿಮಳ ಸಿಲೋನಿನಿಂದ.

ಊರಿನ ತೋಟದ ಚಕ್ಕೆಯ ಬಗ್ಗೆ ಒಂದು ಮಾತು. ಒಳ್ಳೆಯ ದಾಲ್ಚಿನ್ನಿ ಎಂದರೆ ಎಳೆಯ ಕೊಂಬೆಯ ಒಳತೊಗಟೆ. ಹೊರಗಿನ ಬೂದು ಸಿಪ್ಪೆಯನ್ನು ಮೊದಲು ಹೆರೆದು ತೆಗೆದಿರಬೇಕು. ಮನೆಮಟ್ಟಿಗೆ ಕೆತ್ತಿ ಒಣಗಿಸಿದ ಚಕ್ಕೆಯಲ್ಲಿ ಎಷ್ಟೋ ಸಲ ಆ ಸಿಪ್ಪೆ ಹಾಗೆಯೇ ಉಳಿದಿರುತ್ತದೆ. ಸಾರಿಗೆ, ಪಲಾವಿಗೆ ಅದು ನಡೆದೀತು, ಬೆಂದ ಮೇಲೆ ಎತ್ತಿ ಹಾಕುತ್ತೇವಲ್ಲ. ಪುಡಿ ಮಾಡಿ ರೋಲಿಗೆ ಬಳಸಿದರೆ ಒಗರು ಬರುತ್ತದೆ, ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಬೂದು ಪದರ ಕಂಡರೆ ಚಾಕುವಿನ ಬೆನ್ನಿನಿಂದ ಹೆರೆದು, ಒಳಗಿನ ಕಂದು ಭಾಗವನ್ನಷ್ಟೇ ಪುಡಿ ಮಾಡಿ. ಕಾಡಿನಲ್ಲಿ ಬೆಳೆಯುವ ಜಾತಿಗಳ ತೊಗಟೆಯಲ್ಲಿ ಲೋಳೆ ಹೆಚ್ಚು, ಘಮ ಕಡಿಮೆ. ಅದನ್ನು ಬೇಕಿಂಗಿಗೆ ಬಳಸಬೇಡಿ.

ಯಕೃತ್ತಿನ ಪ್ರಶ್ನೆ ಸುಳ್ಳಲ್ಲ, ಆದರೆ ಗಾಬರಿ ಪಡುವಂಥದ್ದೂ ಅಲ್ಲ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಸಾಕಷ್ಟಿರುತ್ತದೆ, ಸಿಲೋನಿನಲ್ಲಿ ಇದ್ದೂ ಇಲ್ಲದಷ್ಟು. ಕೆಲವರಲ್ಲಿ ಅದು ಯಕೃತ್ತಿಗೆ ಹಾನಿ ಮಾಡಬಲ್ಲದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಇಟ್ಟಿರುವ ಮಿತಿ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. 20 ಕಿಲೋ ತೂಕದ ಮಗುವಿಗೆ 2 ಮಿಲಿಗ್ರಾಂ ಎಂದಾಯಿತು. ಕ್ಯಾಸಿಯಾದಲ್ಲಿ ಮಾದರಿಯಿಂದ ಮಾದರಿಗೆ ವ್ಯತ್ಯಾಸ ಬಹಳ. ಗ್ರಾಮಿಗೆ 3 ಮಿಲಿಗ್ರಾಂ ಎಂದು ಹಿಡಿದರೆ, 7 ಗ್ರಾಂ ಬರೀ ಕ್ಯಾಸಿಯಾ ಹಾಕಿದ 9 ರೋಲ್‌ಗಳಲ್ಲಿ ಒಂದೊಂದಕ್ಕೂ 2.3 ಮಿಲಿಗ್ರಾಂ ಬರುತ್ತದೆ. ಮೇಲೆ ಹೇಳಿದ 5 ಮತ್ತು 2ರ ಬೆರಕೆಯಲ್ಲಿ 0.7 ಮಿಲಿಗ್ರಾಮಿನ ಆಸುಪಾಸು. ಆ ಮಿತಿ ಜೀವನಪೂರ್ತಿ ದಿನವೂ ತಿನ್ನುವ ಲೆಕ್ಕದ್ದು, ತಿಂಗಳಿಗೆ ಎರಡು ಸಲ ತಿನ್ನುವ ರೋಲಿಗೆ ಹೆದರಬೇಕಿಲ್ಲ. ದಿನಾ ಬೆಳಿಗ್ಗೆ ಹಾಲಿಗೋ ಓಟ್ಸಿಗೋ ಚಕ್ಕೆ ಪುಡಿ ಹಾಕುವ ಅಭ್ಯಾಸವಿದ್ದರೆ ಮಾತ್ರ ಅದಕ್ಕೆ ಸಿಲೋನನ್ನೇ ಇಟ್ಟುಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಯಕೃತ್ತಿನ ಕಾಯಿಲೆ ಇದ್ದರೆ, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಘಮ ಸಾಲದೆ ನೀವು ಪುಡಿ ಹೆಚ್ಚಿಸಿದ್ದಿರಿ. ಪುಡಿ ಹಳತಾಗಿತ್ತೇ ಎಂದು ಮೊದಲು ನೋಡಬೇಕಿತ್ತು. ಮುಂಬೈಯ ಹವೆಯಲ್ಲಿ, ಬಾಯಿ ತೆರೆದ ಪೊಟ್ಟಣದ ಪುಡಿ ಎರಡು ಮೂರು ತಿಂಗಳಲ್ಲಿ ಸಪ್ಪೆಯಾಗುತ್ತದೆ. ಇಡೀ ಚಕ್ಕೆಯಾದರೆ ಗಾಜಿನ ಡಬ್ಬಿಯಲ್ಲಿ ವರ್ಷ ದಾಟಿದರೂ ಚೆನ್ನಾಗಿರುತ್ತದೆ. ಹಾಗಾಗಿ ಚಕ್ಕೆ ಕೊಂಡು 20 ಗ್ರಾಂ ಅಳತೆಯಲ್ಲಿ ಆಗಾಗ ಪುಡಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ಚಕ್ಕೆ ತೇವ ಹೀರಿಕೊಂಡು ಮೆತ್ತಗಾಗಿರುತ್ತದೆ. ಸಣ್ಣ ಉರಿಯ ಕಾವಲಿಯ ಮೇಲೆ ಎರಡು ನಿಮಿಷ ಬೆಚ್ಚಗೆ ಮಾಡಿ, ಪೂರ್ತಿ ಆರಲು ಬಿಡಿ. ಹುರಿಯಬೇಡಿ, ಹುರಿದರೆ ಘಮ ಅಡುಗೆಮನೆಯ ಗಾಳಿಗೇ ಹೋಗುತ್ತದೆ. ಮಿಕ್ಸಿಯ ಚಿಕ್ಕ ಜಾರಿನಲ್ಲಿ ಹತ್ತು ಹತ್ತು ಸೆಕೆಂಡಿನಂತೆ ತಡೆದು ತಡೆದು ತಿರುಗಿಸಿ. ಒಂದೇ ಸಮ ಓಡಿಸಿದರೆ ಜಾರ್ ಕಾದು ಎಣ್ಣೆಯಂಶ ಆವಿಯಾಗುತ್ತದೆ. ಮುಚ್ಚಳ ತೆಗೆಯುವ ಮುನ್ನ ಪುಡಿ ಕೆಳಗೆ ಕೂರಲು ಐದು ನಿಮಿಷ ಕೊಡಿ. ಆಮೇಲೆ ಟೀ ಸೋಸುವ ಸಣ್ಣ ಜರಡಿಯಲ್ಲಿ ಜರಡಿ ಹಿಡಿಯಿರಿ. ಮೇಲೆ ಉಳಿದ ತರಿಯನ್ನು ಚಹಾಕ್ಕೆ ಹಾಕಿಕೊಳ್ಳಬಹುದು.

ಕಣಕ

8 ಇಂಚಿನ ಚೌಕ ಟಿನ್ನಿಗೆ, 9 ರೋಲ್‌ಗಳಿಗೆ, ಮೊಟ್ಟೆಯಿಲ್ಲದ ಅಳತೆ ಇದು: ಮೈದಾ 350 ಗ್ರಾಂ, ಹಾಲು 210 ಮಿಲಿ, ಗಟ್ಟಿ ಮೊಸರು 30 ಗ್ರಾಂ, ಸಕ್ಕರೆ 45 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಉಪ್ಪು 6 ಗ್ರಾಂ, ಮೆತ್ತಗಿನ ಬೆಣ್ಣೆ 50 ಗ್ರಾಂ, ಕುಟ್ಟಿದ ಏಲಕ್ಕಿ. ಮನೆಯಲ್ಲಿರುವುದು ಉಪ್ಪು ಹಾಕಿದ ಹಳದಿ ಬೆಣ್ಣೆಯಾದರೆ ಉಪ್ಪನ್ನು 5 ಗ್ರಾಮಿಗೆ ಇಳಿಸಿ. ಮೈದಾದ ಪೊಟ್ಟಣದ ಹಿಂದೆ ಪ್ರೋಟೀನ್ ಎಷ್ಟೆಂದು ಬರೆದಿರುತ್ತದೆ. 100 ಗ್ರಾಮಿಗೆ 10.5ರಿಂದ ಮೇಲಿದ್ದರೆ ಒಳ್ಳೆಯದು, 9ರ ಮೈದಾ ಬಿಸ್ಕತ್ತಿಗೆ ಸರಿ, ರೋಲಿಗೆ ಸಾಲದು.

ಪೊಟ್ಟಣದ ಹಾಲನ್ನು ಕಾಯಿಸಿ ಆರಿಸಿಯೇ ಬಳಸಿ. ಕಾಯಿಸದ ಹಾಲಿನ ಒಂದು ಬಗೆಯ ಪ್ರೋಟೀನ್ ಕಣಕದ ಜಿಗುಟನ್ನು ಸಡಿಲಿಸುತ್ತದೆ, ಕುದಿಸಿದರೆ ಆ ಗುಣ ಹೋಗುತ್ತದೆ.

ಮೊಟ್ಟೆಯಿಲ್ಲದ ರೋಲ್ ಮರುದಿನಕ್ಕೆ ಒಣಗುವುದು ಎಲ್ಲರ ದೂರು. ಅದಕ್ಕೆ ಹಿಟ್ಟಿನ ಸರಿ ಕಾಯಿಸಿ ಸೇರಿಸುವುದು ಸುಲಭದ ದಾರಿ. ಮೇಲಿನ ಅಳತೆಯಿಂದಲೇ 25 ಗ್ರಾಂ ಮೈದಾ, 110 ಮಿಲಿ ತಣ್ಣನೆ ಹಾಲು ತೆಗೆದು ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಮಕ್ಕಳಿಗೆ ಕಾಯಿಸುವ ರಾಗಿ ಸರಿಯ ಹದಕ್ಕೆ ಬಂದು, ಚಮಚ ಎಳೆದ ಗೆರೆ ಒಂದು ಕ್ಷಣ ಹಾಗೇ ನಿಂತಿತೆಂದರೆ ಇಳಿಸಿ. ಹಿಟ್ಟಿನ ಪಿಷ್ಟ ಬಿಸಿಗೆ ಉಬ್ಬಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಂದ ಮೇಲೂ ಬಿಟ್ಟುಕೊಡುವುದಿಲ್ಲ. ರೋಲ್ ಎರಡನೇ ದಿನವೂ ಮೆತ್ತಗಿರುವುದು ಇದರಿಂದ. ಸರಿ ಪೂರ್ತಿ ಆರಿದ ಮೇಲಷ್ಟೇ ಯೀಸ್ಟಿನ ಹತ್ತಿರ ತನ್ನಿ.

ಉಳಿದ ಹಾಲಿನಲ್ಲಿ 20 ಮಿಲಿ ಪಕ್ಕಕ್ಕಿಟ್ಟು, ಬೆಣ್ಣೆ ಬಿಟ್ಟು ಮಿಕ್ಕೆಲ್ಲವನ್ನೂ ಕಲಸಿ. ಜುಲೈ, ಆಗಸ್ಟಿನಲ್ಲಿ ಮೈದಾವೇ ತೇವ ಹೀರಿಕೊಂಡಿರುತ್ತದೆ, ಆ 20 ಮಿಲಿ ಬೇಕಾಗುವುದೇ ಇಲ್ಲ. ಪುಣೆಯ ಏಪ್ರಿಲ್ಲಿನ ಒಣ ಹವೆಯಲ್ಲಿ ಪೂರ್ತಿ ಬೇಕಾದೀತು. ಐದು ನಿಮಿಷ ನಾದಿದ ಮೇಲೆ ಬೆಣ್ಣೆಯನ್ನು ಮೂರು ಸಲಕ್ಕೆ ಸೇರಿಸಿ, ಇನ್ನೂ ಹತ್ತು ನಿಮಿಷ ನಾದಿ. ಬೆಣ್ಣೆ ಬಿದ್ದಾಗ ಕಣಕ ಹರಿದು ಜಾರುತ್ತದೆ, ಎರಡು ಮೂರು ನಿಮಿಷ ಕೆಟ್ಟೇಹೋಯಿತೇನೋ ಎನ್ನಿಸುತ್ತದೆ. ಆ ಹೊತ್ತಿನಲ್ಲಿ ಒಣಹಿಟ್ಟು ಉದುರಿಸಬೇಡಿ, ನಾದುತ್ತಲೇ ಇರಿ, ತಾನಾಗಿ ಕೂಡಿಕೊಳ್ಳುತ್ತದೆ. ನಿಂಬೆ ಗಾತ್ರದ ತುಂಡನ್ನು ಎರಡೂ ಕೈಯಿಂದ ಹಿಗ್ಗಿಸಿದರೆ ಬೆಳಕು ತೂರುವಷ್ಟು ತೆಳುವಾಗಿ, ಹರಿಯದೆ ನಿಲ್ಲಬೇಕು.

ನಿಮಗೆ ಬಂದ ಹುಳಿ ವಾಸನೆ ಹೆಚ್ಚು ಹುದುಗಿದ ಗುರುತು. ಪಾಕವಿಧಾನದಲ್ಲಿ 'ಒಂದೂವರೆ ಗಂಟೆ' ಎಂದಿರುತ್ತದೆ; ಅದು ತಂಪು ದೇಶದ ಲೆಕ್ಕ. ಡೊಂಬಿವಲಿಯ ಅಕ್ಟೋಬರ್ ಸೆಕೆಯಲ್ಲಿ, ಅಡುಗೆಮನೆ 32 ಡಿಗ್ರಿ ಇರುವಾಗ, 45–50 ನಿಮಿಷಕ್ಕೇ ಕಣಕ ಇಮ್ಮಡಿಯಾಗುತ್ತದೆ. ಮಳೆಗಾಲದಲ್ಲಿ ಒಂದು ಗಂಟೆಯ ಸುಮಾರು. ಗೋವಾದಲ್ಲೂ ಹೀಗೆಯೇ. ಪುಣೆಯ ಡಿಸೆಂಬರ್ ರಾತ್ರಿಗೆ ಎರಡು ಗಂಟೆ ಹಿಡಿದೀತು. ಅಲ್ಲಿ ಆರಿಸಿದ ಓಟಿಜಿಯೊಳಗೆ ಒಂದು ಬಟ್ಟಲು ಬಿಸಿನೀರಿಟ್ಟು ಪಕ್ಕದಲ್ಲಿ ಕಣಕ ಇಡಬಹುದು. ಗಡಿಯಾರ ಬಿಡಿ, ಹಿಟ್ಟು ಅಂಟಿಸಿದ ಬೆರಳನ್ನು ಕಣಕಕ್ಕೆ ಅರ್ಧ ಇಂಚು ಚುಚ್ಚಿ ನೋಡಿ. ಕುಳಿ ನಿಧಾನವಾಗಿ ಅರ್ಧ ತುಂಬಿಕೊಂಡರೆ ಹದ. ತಕ್ಷಣ ಪೂರ್ತಿ ಮೇಲೆದ್ದರೆ ಇನ್ನೂ ಬೇಕು. ಕುಳಿ ಹಾಗೇ ಉಳಿದು ಸುತ್ತಲೂ ಕುಸಿದರೆ ಮೀರಿದೆ. ಸೆಕೆಗಾಲದಲ್ಲಿ ಕಲಸುವ ಹಾಲನ್ನು ಫ್ರಿಜ್‌ನಿಂದ ನೇರ ತಣ್ಣಗೇ ಹಾಕಿ. 'ಉಗುರುಬೆಚ್ಚಗಿನ ಹಾಲು' ಎಂಬ ಮಾತು ನಮ್ಮ ಕರಾವಳಿಯ ಬೇಸಿಗೆಗೆ ಹೊಂದುವುದಿಲ್ಲ. ಯೀಸ್ಟಿನ ಪೊಟ್ಟಣ ಒಮ್ಮೆ ತೆರೆದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ, ಮಳೆಗಾಲದ ತೇವಕ್ಕೆ ಅದು ವಾರಗಳಲ್ಲೇ ಸಾಯುತ್ತದೆ.

ಹೂರಣ ಹರಿಯದಂತೆ

ಹೂರಣ ಹೊರಗೆ ಹರಿಯಲು ಕಾರಣ ಎರಡು. ಬೆಣ್ಣೆಯನ್ನು ಕರಗಿಸಿ ಬಳಿದು, ಮೇಲೆ ಸಕ್ಕರೆ ಮತ್ತು ಚಕ್ಕೆ ಉದುರಿಸುವುದು ಒಂದು. ಕರಗಿದ ಬೆಣ್ಣೆ ಪದರವನ್ನು ಜಾರಿಸುತ್ತದೆ, ಒಣ ಸಕ್ಕರೆ ಕಣಕದ ನೀರನ್ನು ಎಳೆದುಕೊಂಡು ಪಾಕವಾಗುತ್ತದೆ. ಎರಡನೆಯದು, ಉರುಳಿ ಮಾಡಿದ ಮೇಲೆ ಬಿಸಿ ಜಾಗದಲ್ಲಿ ಉಬ್ಬಲು ಇಡುವುದು. ಬೆಣ್ಣೆ 32–35 ಡಿಗ್ರಿಗೆ ಕರಗಿಯೇ ಹೋಗುತ್ತದೆ. ಓವನ್ನಿಗೆ ಹೋಗುವ ಮೊದಲೇ ಟಿನ್ನಿನ ತಳದಲ್ಲಿ ಪಾಕ ನಿಂತಿರುತ್ತದೆ.

ಆದ್ದರಿಂದ ಹೂರಣವನ್ನು ಮುದ್ದೆಯಾಗಿ ಕಲಸಿಕೊಳ್ಳಿ. ಬೆರಳೊತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿರುವ, ಆದರೆ ಕರಗದ ಬೆಣ್ಣೆ 60 ಗ್ರಾಂ, ಕಂದು ಸಕ್ಕರೆ 80 ಗ್ರಾಂ, ಚಕ್ಕೆ ಪುಡಿ 7 ಗ್ರಾಂ (ಒಂದು ದೊಡ್ಡ ಚಮಚಕ್ಕೆ ತುಸು ಕಡಿಮೆ), ಮೈದಾ 10 ಗ್ರಾಂ, ಚಿಟಿಕೆ ಉಪ್ಪು. ಉಪ್ಪಿನ ಬೆಣ್ಣೆಯಾದರೆ ಈ ಉಪ್ಪು ಬೇಡ. ಎಲ್ಲವನ್ನೂ ಚಮಚದಲ್ಲಿ ಉಜ್ಜಿ ಉಜ್ಜಿ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಅಷ್ಟು ಹೊತ್ತಿಗೆ ಘಮ ಬೆಣ್ಣೆಗೆ ಇಳಿದಿರುತ್ತದೆ. ಆ 10 ಗ್ರಾಂ ಮೈದಾ ಕರಗಿದ ಪಾಕವನ್ನು ಹಿಡಿದು ನಿಲ್ಲಿಸುತ್ತದೆ, ಬಿಡಬೇಡಿ. ಕಂದು ಸಕ್ಕರೆಗೆ ಬದಲು ಕೊಲ್ಲಾಪುರದ ಬೆಲ್ಲ ಹಾಕುವ ಆಸೆ ಹಲವರಿಗಿದೆ, ರುಚಿಯೂ ಸೊಗಸು. ಆದರೆ ಬೆಲ್ಲ ಸಕ್ಕರೆಗಿಂತ ಬೇಗ ನೀರೊಡೆಯುತ್ತದೆ. ಅರ್ಧ ಬೆಲ್ಲದ ಪುಡಿ, ಅರ್ಧ ಸಕ್ಕರೆ ತೆಗೆದುಕೊಂಡು, ಮೈದಾಕ್ಕೆ ಬದಲು 2 ದೊಡ್ಡ ಚಮಚ ಟೋಸ್ಟ್ ಪುಡಿ ಸೇರಿಸಿ.

ಕಣಕವನ್ನು 40ಕ್ಕೆ 30 ಸೆಂಟಿಮೀಟರಿನ ಆಯತಕ್ಕೆ ಲಟ್ಟಿಸಿ. ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆದುಕೊಂಡರೆ ಹತ್ತು ನಿಮಿಷ ಮುಚ್ಚಿಟ್ಟು ಮುಂದುವರಿಸಿ. ಹೂರಣವನ್ನು ಮೂರು ಅಂಚಿನವರೆಗೂ ಹರವಿ, ಆಚೆ ತುದಿಯ ಉದ್ದನೆಯ ಅಂಚಿನಲ್ಲಿ ಮಾತ್ರ 2 ಸೆಂಟಿಮೀಟರ್ ಖಾಲಿ ಬಿಡಿ; ಅಲ್ಲಿ ನೀರಿನ ಕೈ ಸವರಿದರೆ ಅಂಚು ಅಂಟಿಕೊಳ್ಳುತ್ತದೆ. ನಿಮ್ಮ ಕಡೆಯ ಉದ್ದನೆಯ ಅಂಚಿನಿಂದ ಉರುಳಿಸಿ. ಚಾಪೆ ಸುತ್ತುವಷ್ಟು ಬಿಗಿ ಸಾಕು. ತೀರ ಬಿಗಿಯಾದರೆ ಉಬ್ಬಲು ಜಾಗವಿಲ್ಲದೆ ರೋಲಿನ ನಡುಭಾಗ ಗೋಪುರದಂತೆ ಮೇಲೆ ತಳ್ಳಿಕೊಂಡು ಬರುತ್ತದೆ. ಉರುಳಿಯನ್ನು ಫ್ರಿಜ್‌ನಲ್ಲಿ 15 ನಿಮಿಷ ಇಟ್ಟು, ಹೊಲಿಗೆಯ ಗಟ್ಟಿ ದಾರವನ್ನು ಅದರ ಅಡಿಗೆ ತೂರಿಸಿ, ಮೇಲೆ ಎರಡೂ ತುದಿ ಅಡ್ಡಹಾಯಿಸಿ ಎಳೆಯಿರಿ. ಚಾಕು ಒತ್ತಿದರೆ ಸುರುಳಿ ಚಪ್ಪಟೆಯಾಗಿ ಹೂರಣ ಹೊರಗೆ ಬರುತ್ತದೆ, ದಾರಕ್ಕೆ ಆ ತೊಂದರೆಯಿಲ್ಲ. ಒಂದೊಂದು ತುಂಡು ನಾಲ್ಕೂವರೆ ಸೆಂಟಿಮೀಟರಿನ ಹತ್ತಿರ ಇರಲಿ. ಸುರುಳಿಯ ಬಾಲವನ್ನು ಅಡಿಗೆ ಮಡಚಿ ಟಿನ್ನಿನಲ್ಲಿ ಮೂರು ಸಾಲಾಗಿ ಜೋಡಿಸಿ.

ಮುಂಬೈ, ಗೋವಾದವರಿಗೆ ಇಲ್ಲಿಂದ ಮುಂದೆ ಫ್ರಿಜ್ ಬಹಳ ಅನುಕೂಲ. ಶನಿವಾರ ರಾತ್ರಿ ಟಿನ್ನನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ 8ರಿಂದ 12 ಗಂಟೆಯಲ್ಲಿ ರೋಲ್ ನಿಧಾನವಾಗಿ ಉಬ್ಬುತ್ತದೆ, ಬೆಣ್ಣೆ ಗಟ್ಟಿಯಾಗಿಯೇ ಇರುತ್ತದೆ, ಹುಳಿಯೂ ಏರುವುದಿಲ್ಲ. ಭಾನುವಾರ ಬೆಳಿಗ್ಗೆ ಹೊರಗಿಟ್ಟು ಒಂದು ಗಂಟೆ ಬಿಟ್ಟು ಬೇಯಿಸಿ. ಅಂದೇ ಬೇಯಿಸುವುದಾದರೆ ಒಲೆಯಿಂದ ದೂರ, ಮನೆಯ ತಂಪಾದ ಕೋಣೆಯಲ್ಲಿ 35–45 ನಿಮಿಷ. ರೋಲ್‌ಗಳು ಒಂದಕ್ಕೊಂದು ತಾಗಬೇಕು, ಬೆರಳಿಂದ ಮುಟ್ಟಿದರೆ ಅಲುಗಬೇಕು.

ಬೇಯಿಸುವಾಗ

ಓಟಿಜಿಯ ಗುಂಡಿ ತೋರಿಸುವ ಬಿಸಿಗೂ ಒಳಗಿನ ಬಿಸಿಗೂ 15–20 ಡಿಗ್ರಿ ವ್ಯತ್ಯಾಸ ಇರುವುದು ಸಾಮಾನ್ಯ. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಒಂದನ್ನು ಕೊಳ್ಳಿ, ಉಳಿದ ಯಾವ ಸಾಮಾನಿಗಿಂತಲೂ ಅದು ಮುಖ್ಯ. 180 ಡಿಗ್ರಿಗೆ 15 ನಿಮಿಷ ಕಾಯಿಸಿ, ಎರಡೂ ರಾಡ್ ಉರಿಯುವಂತಿಟ್ಟು, ಮಧ್ಯಕ್ಕಿಂತ ಒಂದು ಮೆಟ್ಟಿಲು ಕೆಳಗೆ ಟಿನ್ ಇಡಿ. ಮೇಲೆ ಹಾಲು ಸವರಿ. ಒಟ್ಟು 25–28 ನಿಮಿಷ. ಚಿಕ್ಕ ಓಟಿಜಿಯಲ್ಲಿ ಮೇಲಿನ ರಾಡ್ ಹತ್ತಿರವಿರುವುದರಿಂದ 15ನೇ ನಿಮಿಷಕ್ಕೆ ಬಣ್ಣ ಬಂದಿರುತ್ತದೆ. ಆಗ ಫಾಯಿಲ್ ಸಡಿಲವಾಗಿ ಹೊದಿಸಿ. ಬಣ್ಣ ನೋಡಿ ಇಳಿಸಿದರೆ ನಡುವಿನ ರೋಲ್ ಹಸಿಯಾಗಿರುತ್ತದೆ. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುವಿನ ರೋಲಿಗೆ ಚುಚ್ಚಿ ನೋಡಿ, 90–93 ಡಿಗ್ರಿ ಬಂದರೆ ಬೆಂದಿದೆ.

ತಳ ಕರಕಲಾಗುವುದಕ್ಕೆ ಕಪ್ಪು ಟಿನ್ನೂ ಕಾರಣ. ಬಿಳಿ ಅಲ್ಯೂಮಿನಿಯಂ ಟಿನ್ ಬಳಸಿ, ಅದರ ಕೆಳಗಿನ ಹಂತದಲ್ಲಿ ಒಂದು ಖಾಲಿ ಟ್ರೇ ಇಡಿ, ಕೆಳ ರಾಡಿನ ನೇರ ಉರಿ ತಪ್ಪುತ್ತದೆ. ಒಳಗೆ ಹಾಸಲು ಬೇಕಿಂಗ್ ಪೇಪರ್ ಬೇಕು. ಅಂಗಡಿಯಲ್ಲಿ ಸಿಗುವ ತೆಳು ಬಟರ್ ಪೇಪರ್ ಸಕ್ಕರೆ ಪಾಕಕ್ಕೆ ಅಂಟಿ ಹರಿಯುತ್ತದೆ. ಇಳಿಸಿದ ಹತ್ತು ನಿಮಿಷಕ್ಕೆ ಟಿನ್ನಿನಿಂದ ತೆಗೆಯಿರಿ. ಅದಕ್ಕಿಂತ ಮೊದಲಾದರೆ ಮುರಿಯುತ್ತದೆ, ತಡವಾದರೆ ಪಾಕ ಗಟ್ಟಿಯಾಗಿ ತಳ ಹಿಡಿಯುತ್ತದೆ.

ಮೇಲೆ ಹಚ್ಚಲು ಕ್ರೀಮ್ ಚೀಸೇ ಆಗಬೇಕೆಂದಿಲ್ಲ. ನಿಮ್ಮ ಹತ್ತಿರದ ಡೇರಿಯಲ್ಲಿ ಶ್ರೀಖಂಡಕ್ಕೆಂದು ಮಾರುವ ಚಕ್ಕಾ, ಅಂದರೆ ನೀರು ಬಸಿದ ಗಟ್ಟಿ ಮೊಸರು, ಅದಕ್ಕಿಂತ ಚೆನ್ನಾಗಿ ಹೊಂದುತ್ತದೆ. (ಹೆಸರು ಒಂದೇ ಥರ ಕೇಳಿಸುತ್ತದೆ; ಮರಾಠಿಯ ಚಕ್ಕಾ ಬೇರೆ, ನಮ್ಮ ಚಕ್ಕೆ ಬೇರೆ.) ಹುಳಿಯಿಲ್ಲದ ಚಕ್ಕಾ 100 ಗ್ರಾಂ, ಮೆತ್ತಗಿನ ಬೆಣ್ಣೆ 30 ಗ್ರಾಂ, ಪುಡಿ ಸಕ್ಕರೆ 60 ಗ್ರಾಂ, ಮೊದಲು ಬೆಣ್ಣೆ ಮತ್ತು ಸಕ್ಕರೆ ಬೀಸಿ, ಕೊನೆಗೆ ಚಕ್ಕಾ ಸೇರಿಸಿ. ಹೆಚ್ಚು ಬೀಸಿದರೆ ನೀರಾಗುತ್ತದೆ. ಒಂದು ಟೀ ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಬೆರೆಸಿ ನೋಡಿ, ಚಕ್ಕೆಯ ಜೊತೆ ಅದು ತುಂಬ ಹೊಂದುತ್ತದೆ. ಬಿಸಿ ರೋಲಿನ ಮೇಲೆ ಹಚ್ಚಿದರೆ ಕರಗಿ ಇಳಿಯುತ್ತದೆ, ಬೆಚ್ಚಗಾದ ಮೇಲೆ ಹಚ್ಚಿ.

ಯೀಸ್ಟಿಲ್ಲದ ತಿನಿಸುಗಳಲ್ಲಿ ಈ ಕಟ್ಟುಪಾಡು ಇಲ್ಲ. ಬೇಕಿಂಗ್ ಪೌಡರಿನ ಬಾಳೆಹಣ್ಣಿನ ಕೇಕಿಗೆ, ಸೇಬಿನ ಕೇಕಿಗೆ 200 ಗ್ರಾಂ ಮೈದಾಕ್ಕೆ ಒಂದೂವರೆ ಟೀ ಚಮಚ ಚಕ್ಕೆ ಪುಡಿ ಹಾಕಬಹುದು. ಹಿಟ್ಟಿನ ಜೊತೆ ಜರಡಿ ಹಿಡಿಯುವ ಬದಲು, ಕೇಕಿಗೆ ಹಾಕುವ ಎಣ್ಣೆಯನ್ನು ಕೈಗೆ ಬಿಸಿ ತಟ್ಟುವಷ್ಟು ಬೆಚ್ಚಗೆ ಮಾಡಿ, ಒಲೆ ಆರಿಸಿ, ಪುಡಿ ಅದರಲ್ಲಿ ಕಲಕಿ ಆರಲು ಬಿಡಿ. ಒಗ್ಗರಣೆಯಂತೆ ಕಾದ ಎಣ್ಣೆಗೆ ಹಾಕಿದರೆ ಚಕ್ಕೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ.

ಚಕ್ಕೆಯ ನಾನ್‌ಖಟಾಯಿಗೆ ಮೈದಾ 150 ಗ್ರಾಂ, ಕಡಲೆಹಿಟ್ಟು 40, ಸಣ್ಣ ರವೆ 20, ಪುಡಿ ಸಕ್ಕರೆ 90, ತುಪ್ಪ 110 ಗ್ರಾಂ, ಚಕ್ಕೆ ಪುಡಿ ಒಂದೂವರೆ ಟೀ ಚಮಚ, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಚಿಟಿಕೆ ಉಪ್ಪು. ಇಲ್ಲಿ ಕೆಡುವುದು ಒಂದೇ ಕಾರಣಕ್ಕೆ: ಮುಂಬೈಯ ಸೆಕೆಗೆ ತುಪ್ಪ ಎಣ್ಣೆಯಂತಾಗಿರುತ್ತದೆ, ಬಿಸ್ಕತ್ತು ಹರಡಿ ಚಪ್ಪಟೆಯಾಗುತ್ತದೆ. ತುಪ್ಪವನ್ನು ಫ್ರಿಜ್‌ನಲ್ಲಿ ಹರಳುಗಟ್ಟಿಸಿ, ಸಕ್ಕರೆಯ ಜೊತೆ ಬೆಳ್ಳಗಾಗುವವರೆಗೆ ಬೀಸಿ, ಉಂಡೆ ಕಟ್ಟಿದ ಮೇಲೆ ಮತ್ತೆ 20 ನಿಮಿಷ ತಣ್ಣಗಿಡಿ. 160 ಡಿಗ್ರಿಯಲ್ಲಿ 18–20 ನಿಮಿಷ. ಬಿಸಿಯಾಗಿರುವಾಗ ಮೆತ್ತಗಿರುತ್ತದೆ, ಆರಿದ ಮೇಲೆ ಗರಿಯಾಗುತ್ತದೆ, ಮೆತ್ತಗಿದೆಯೆಂದು ಮತ್ತೆ ಬೇಯಿಸಬೇಡಿ.

ಉಳಿದ ರೋಲ್‌ಗಳನ್ನು ಮಳೆಗಾಲದಲ್ಲಿ ಒಂದು ದಿನಕ್ಕಿಂತ ಹೊರಗಿಡಬೇಡಿ. ಫ್ರಿಜ್‌ನಲ್ಲಿ ಬ್ರೆಡ್ ಬಗೆಯ ತಿನಿಸು ಬೇಗ ಗಟ್ಟಿಯಾಗುತ್ತದೆ, ಹಾಗಾಗಿ ಮೇಲೆ ಚಕ್ಕಾ ಹಚ್ಚದ ರೋಲ್‌ಗಳನ್ನು ಒಂದೊಂದಾಗಿ ಸುತ್ತಿ ಫ್ರೀಜರಿಗೇ ಹಾಕಿ; ಒಂದು ತಿಂಗಳು ಚೆನ್ನಾಗಿರುತ್ತವೆ. ತಿನ್ನುವ ಹೊತ್ತಿಗೆ ಫಾಯಿಲಿನಲ್ಲಿ ಸುತ್ತಿ 150 ಡಿಗ್ರಿಯ ಓಟಿಜಿಯಲ್ಲಿ 15 ನಿಮಿಷ ಬಿಸಿ ಮಾಡಿ, ಚಕ್ಕಾ ಆಮೇಲೆ ಹಚ್ಚಿ.